ನಗುವವರ ಮುಂದೆ ಎಡವಿದವರು

'ನಗುವವರ ಮುಂದೆ ಎಡವಿ ಬಿದ್ದ ಹಾಗೆ' ಎಂದು ನಮ್ಮಲ್ಲೊಂದು ಮಾತಿದೆ. ಎಡವುವುದು ಯಾರಿಗೂ ತಪ್ಪಿದ್ದಲ್ಲ. ಯಾರ ಕಣ್ಣೆದುರು ಎಡವಿದೆವು ಎಂಬುದರ ಮೇಲೆ ಮಾನ ನಿಂತಿರುತ್ತದೆ. 1975ನೆಯ ಇಸವಿಯ ಜೂನ್ 1ರಂದು ಅಮೆರಿಕದ ಅಧ್ಯಕ್ಷರಾದ ಜೆರಾಲ್ಡ್ ಫೋರ್ಡ್ ಅವರು ಎಡವಿದ್ದು ಲೋಕದ ಛಾಯಾಗ್ರಾಹಕರೆಲ್ಲರ ಕಣ್ಣೆದುರು. ಆಸ್ಟ್ರಿಯಾ ದೇಶದ ಸಾಲ್ಸ್‌ಬರ್ಗ್ ನಗರದ ವಿಮಾನ ನಿಲ್ದಾಣ. ಮಳೆ ಬಿದ್ದು ವಿಮಾನದ ಮೆಟ್ಟಿಲುಗಳು ಒದ್ದೆಯಾಗಿದ್ದುವು. ಈಜಿಪ್ಟಿನ ಅಧ್ಯಕ್ಷ ಅನ್ವರ್ ಸಾದತ್ ಅವರೊಡನೆ ಮಾತುಕತೆಗೆಂದು ಬಂದಿದ್ದ ಫೋರ್ಡ್, ಒಂದು ಕೈಯಲ್ಲಿ ಕೊಡೆ ಹಿಡಿದು, ಇನ್ನೊಂದು ಕೈಯಿಂದ ಮಡದಿಗೆ ಆಸರೆ ಕೊಟ್ಟು ಇಳಿಯುತ್ತಿದ್ದವರು, ಕೊನೆಯ ಮೆಟ್ಟಿಲುಗಳ ಬಳಿ ಕಾಲು ಸಿಕ್ಕಿಕೊಂಡು ನೆಲಕ್ಕೆ ಬಿದ್ದರು. ಕ್ಷಣದಲ್ಲಿ ಎದ್ದರು, ಸ್ವಾಗತಿಸಲು ನಿಂತವರ ಕೈ ಕುಲುಕಿದರು. ಬಿದ್ದದ್ದು ಒಂದೇ ಗಳಿಗೆ. ಆದರೆ ಆ ಮೆಟ್ಟಿಲುಗಳನ್ನು ಅವರು ಪೂರ್ತಿಯಾಗಿ ಇಳಿದು ಮುಗಿಸಲೇ ಇಲ್ಲವೆಂದು ಒಮ್ಮೊಮ್ಮೆ ನನಗೆ ಅನಿಸುತ್ತದೆ.

ಆ ಚಿತ್ರವನ್ನು ನಾನು ನಮ್ಮೂರಿನ ವಾಚನಾಲಯದಲ್ಲಿ ನೋಡಿದೆ. ಸಣ್ಣ ಊರೊಂದರ ಕಾಲೇಜಿನಲ್ಲಿ ಆಗತಾನೆ ಇಂಗ್ಲಿಷ್ ಅಧ್ಯಾಪಕನಾಗಿ ಸೇರಿದ್ದೆ. ಮುಂದಿನ ಒಂದೆರಡು ವರ್ಷ, ಹುಡುಗರಿಗೆ ತೂಕಡಿಕೆ ಬಂದಾಗಲೆಲ್ಲ ಫೋರ್ಡ್ ಅವರನ್ನು ಒಮ್ಮೆ ಮೆಟ್ಟಿಲಿನಿಂದ ಬೀಳಿಸುತ್ತಿದ್ದೆ. ಹುಡುಗರು ನಗುತ್ತಿದ್ದರು, ಮೇಷ್ಟ್ರು ಲೋಕಜ್ಞಾನವುಳ್ಳವರು ಎಂಬ ಹೆಸರೂ ಬಂತು. ಈಗ ಯೋಚಿಸಿದರೆ ಆ ನಗುವಿನಲ್ಲಿ ಇನ್ನೊಂದು ಸೌಕರ್ಯವಿತ್ತೆಂದು ತೋರುತ್ತದೆ. ಫೋರ್ಡ್ ಬಿದ್ದ ತಿಂಗಳಲ್ಲೇ, ಜೂನ್ 25ರ ರಾತ್ರಿ, ನಮ್ಮ ದೇಶದಲ್ಲಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಪತ್ರಿಕೆಗಳ ಮೇಲೆ ಸೆನ್ಸಾರ್ ಕಣ್ಣು ಬಿತ್ತು. ಆಗಸ್ಟ್ ತಿಂಗಳ ಕೊನೆಗೆ ದೆಹಲಿಯ 'ಶಂಕರ್ಸ್ ವೀಕ್ಲಿ' ಎಂಬ ವ್ಯಂಗ್ಯಚಿತ್ರಗಳ ಪತ್ರಿಕೆ ನಿಂತುಹೋಯಿತು. ನನ್ನನ್ನೂ ಬಿಡಬೇಡಿ ಎಂದು ನೆಹರೂ ಅವರಿಂದಲೇ ಹೇಳಿಸಿಕೊಂಡಿದ್ದ ಶಂಕರ್ ಅವರ ಪತ್ರಿಕೆ ಅದು. ಹತ್ತಿರದವರನ್ನು ಕುರಿತು ನಗಲು ಎದೆಗಾರಿಕೆ ಬೇಕಾಗಿದ್ದ ಆ ದಿನಗಳಲ್ಲಿ, ಎಂಟು ಸಾವಿರ ಮೈಲಿಗೂ ಆಚೆಯಿದ್ದ ಫೋರ್ಡ್ ನಮ್ಮ ನಗುವಿಗೆ ಪುಕ್ಕಟೆಯಾಗಿ ಸಿಕ್ಕಿದರು. ಆಗ ಆಕಾಶವಾಣಿ ಏನು ಮಾಡುತ್ತಿತ್ತು ಎಂದು ನೀವು ಕೇಳಬಹುದು. ಅದನ್ನು ಆಕಾಶವಾಣಿಯ ಕೋಣೆಯಲ್ಲೇ ಕುಳಿತು ಹೇಳುವಷ್ಟು ಒರಟುತನ ನನಗಿಲ್ಲ.

ಹೀಗೆ ನಾನು ನಕ್ಕ ಮನುಷ್ಯ ಎಂಥವರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಫೋರ್ಡ್ ಅವರು ಮಿಷಿಗನ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದಲ್ಲಿ ಆಡಿದವರು. ಆ ತಂಡ 1932 ಮತ್ತು 1933ರಲ್ಲಿ ದೇಶದಲ್ಲೇ ಮೊದಲನೆಯದೆನಿಸಿಕೊಂಡಿತು. ಹಣ ಕೊಟ್ಟು ಆಡಿಸಿಕೊಳ್ಳುವ ಎರಡು ವೃತ್ತಿಪರ ತಂಡಗಳು ಕರೆದರೂ ಹೋಗದೆ, ಅವರು ಯೇಲ್‌ನಲ್ಲಿ ಕಾನೂನು ಓದಿದರು. ಅವರ ಮೊಣಕಾಲು ಕೈಕೊಡುತ್ತಿದ್ದುದು ಆ ಆಟದಲ್ಲಾದ ಪೆಟ್ಟಿನಿಂದ. ಶ್ವೇತಭವನದಲ್ಲಿ ವಾಸಮಾಡಿದ ಅಧ್ಯಕ್ಷರಲ್ಲಿ ಅವರಷ್ಟು ಪಳಗಿದ ಮೈಯವರು ಕಡಮೆ. ಅಂಥವರು ಕೈಕಾಲು ಸ್ವಾಧೀನವಿಲ್ಲದ ಮನುಷ್ಯನೆಂದು ಲೋಕದ ಕಣ್ಣಿನಲ್ಲಿ ಉಳಿದುಕೊಂಡರು.

ಉಳಿಯುವಂತೆ ಮಾಡಿದ್ದು ಒಂದು ಟೆಲಿವಿಷನ್ ಕಾರ್ಯಕ್ರಮ. 1975ರ ಅಕ್ಟೋಬರ್ 11ರಂದು ನ್ಯೂಯಾರ್ಕಿನಲ್ಲಿ 'ಸ್ಯಾಟರ್ಡೇ ನೈಟ್ ಲೈವ್' ಎಂದು ಮುಂದೆ ಹೆಸರಾದ ಹಾಸ್ಯಪ್ರದರ್ಶನ ಆರಂಭವಾಯಿತು. ಅದರಲ್ಲಿ ಚೆವಿ ಚೇಸ್ ಎಂಬ ನಟ ಫೋರ್ಡ್ ಆಗಿ ಬರುತ್ತಿದ್ದರು. ಬರುತ್ತಿದ್ದರು ಎಂಬುದಕ್ಕಿಂತ ಬೀಳುತ್ತಿದ್ದರು ಎನ್ನುವುದು ಸರಿ: ಮೇಜಿನ ಮೇಲೆ, ಕುರ್ಚಿಯ ಮೇಲೆ, ಭಾಷಣ ಪೀಠದ ಮೇಲೆ. ಫೋರ್ಡ್ ಅವರ ಮುಖಕ್ಕೆ ಹೋಲುವ ಬಣ್ಣವಿಲ್ಲ, ಅವರ ದನಿಯ ಅನುಕರಣೆಯಿಲ್ಲ. ನಮ್ಮ ಬಯಲಾಟದಲ್ಲಾದರೆ ಕಿರೀಟವನ್ನಾದರೂ ಕಟ್ಟಿಕೊಂಡು ರಾಜನೆನಿಸಿಕೊಳ್ಳಬೇಕು. ಇಲ್ಲಿ ಬಿದ್ದರೆ ಸಾಕು, ಅಧ್ಯಕ್ಷ! ಪ್ರೇಕ್ಷಕರ ಮನಸ್ಸಿನಲ್ಲಿ ಸಾಲ್ಸ್‌ಬರ್ಗಿನ ಚಿತ್ರ ಆಗಲೇ ಅಚ್ಚೊತ್ತಿದ್ದುದರಿಂದ ನಟನ ಕೆಲಸ ಹಗುರವಾಯಿತು. ವಾರ್ತೆ ಬೀಜ ಬಿತ್ತುತ್ತದೆ, ವಿಡಂಬನೆ ನೀರೆರೆಯುತ್ತದೆ. ಎರಡನ್ನೂ ಬೇರೆಬೇರೆಯಾಗಿ ನೋಡುವುದು ನಮ್ಮ ರೂಢಿ. ಬೆಳೆ ಮಾತ್ರ ಒಂದೇ.

ಫೋರ್ಡ್ ಸಿಟ್ಟಾಗಲಿಲ್ಲ. 1976ರ ಮಾರ್ಚಿಯಲ್ಲಿ ಬಾನುಲಿ ಮತ್ತು ಟೆಲಿವಿಷನ್ ವರದಿಗಾರರ ಔತಣಕೂಟವೊಂದರಲ್ಲಿ ಚೇಸ್ ಎದುರಿಗೇ ಇದ್ದಾಗ, ತಾವೇ ಮೇಜಿನ ಬಟ್ಟೆಗೆ ಸಿಕ್ಕಿಕೊಂಡಂತೆ ನಟಿಸಿ, ಚಮಚ ಚೂರಿಗಳನ್ನು ಕೆಡವಿ, ಭಾಷಣದ ಹಾಳೆಗಳನ್ನು ಚೆಲ್ಲಿ ಸಭೆಯನ್ನು ನಗಿಸಿದರು. ಏಪ್ರಿಲ್‌ನಲ್ಲಿ ಅವರ ಪತ್ರಿಕಾ ಕಾರ್ಯದರ್ಶಿ ರಾನ್ ನೆಸೆನ್ ಆ ಹಾಸ್ಯಪ್ರದರ್ಶನದ ನಿರೂಪಕರಾಗಿಯೇ ಹೋದರು. ಅದಕ್ಕಾಗಿ ಫೋರ್ಡ್ ಒಂದೆರಡು ಮಾತುಗಳನ್ನು ಮುದ್ರಿಸಿಯೂ ಕೊಟ್ಟರು. ನವೆಂಬರಿನಲ್ಲಿ ಜಿಮ್ಮಿ ಕಾರ್ಟರ್ ಎದುರು ಚುನಾವಣೆಯಲ್ಲಿ ಸೋತರು. ಸೋಲಿಗೆ ಚೇಸ್ ಕಾರಣವೆಂದು ಹೇಳುವುದು ಕಡ್ಡಿಯನ್ನು ಗುಡ್ಡ ಮಾಡಿದಂತೆ. ಬೆಲೆಯೇರಿಕೆಯಿತ್ತು, ನಿರುದ್ಯೋಗವಿತ್ತು, ಪೂರ್ವ ಯೂರೋಪಿನ ಮೇಲೆ ಸೋವಿಯತ್ ಹಿಡಿತವಿಲ್ಲವೆಂದು ಚುನಾವಣಾ ವಾದದಲ್ಲಿ ಫೋರ್ಡ್ ಬಾಯಿತಪ್ಪಿ ಆಡಿದ ಮಾತಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಅಧಿಕಾರಕ್ಕೆ ಬಂದ ಒಂದು ತಿಂಗಳಿಗೆ, 1974ರ ಸೆಪ್ಟೆಂಬರ್ 8ರಂದು, ರಿಚರ್ಡ್ ನಿಕ್ಸನ್ ಅವರಿಗೆ ಕೊಟ್ಟ ಕ್ಷಮಾದಾನವಿತ್ತು. ನ್ಯಾಯಾಲಯದ ಕಟಕಟೆಯನ್ನು ಹತ್ತಬಹುದಾಗಿದ್ದ ಮಾಜಿ ಅಧ್ಯಕ್ಷನನ್ನು ಹೊಸ ಅಧ್ಯಕ್ಷ ಬಿಟ್ಟುಬಿಟ್ಟದ್ದು ಸರಿಯೇ, ತಪ್ಪೇ? ಪ್ರಜಾಪ್ರಭುತ್ವವೊಂದು ತನ್ನನ್ನು ತಾನೇ ಕೇಳಿಕೊಳ್ಳಬಹುದಾದ ಅತಿ ಕಠಿಣವಾದ ಪ್ರಶ್ನೆಗಳಲ್ಲಿ ಇದೂ ಒಂದು. ನನ್ನ ತರಗತಿಯಲ್ಲಿ ಅದನ್ನು ನಾನು ಒಂದು ದಿನವೂ ಕೇಳಲಿಲ್ಲ. ಮೆಟ್ಟಿಲಿದ್ದಾಗ ಕ್ಷಮಾದಾನ ಯಾರಿಗೆ ಬೇಕು?

ನನ್ನನ್ನು ಕಾಡುವ ಸಂಗತಿ ಇದು. ಅಧಿಕಾರಸ್ಥರ ಮೈಯನ್ನು ಕುರಿತು ನಕ್ಕು ಸುಸ್ತಾದವನಿಗೆ ಅವರ ಕೃತ್ಯವನ್ನು ಕುರಿತು ಕೇಳುವ ಉಸಿರು ಉಳಿದಿರುವುದಿಲ್ಲ. ಹಲ್ಲು, ಗಡ್ಡ, ಉಚ್ಚಾರಣೆ, ನಡಿಗೆ - ಇವು ಕೈಗೆ ಸುಲಭವಾಗಿ ಸಿಗುವ ಹಿಡಿಗಳು. ಅವುಗಳಿಂದ ಎತ್ತಿದ ಮನುಷ್ಯ ಪೂರ್ತಿಯಾಗಿ ಮೇಲೆ ಬಂದನೆಂದು ನಾವು ತಿಳಿಯುತ್ತೇವೆ.

ಹಿಂದಿನದೊಂದು ಉದಾಹರಣೆ ನೋಡಿ. 1902ರ ನವೆಂಬರ್ ತಿಂಗಳಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಮಿಸಿಸಿಪಿ ರಾಜ್ಯಕ್ಕೆ ಕರಡಿ ಬೇಟೆಗೆ ಹೋಗಿದ್ದರು. ಅವರಿಗೆ ಬೇಟೆ ಸಿಕ್ಕಿರಲಿಲ್ಲ. ಹೋಲ್ಟ್ ಕಾಲಿಯರ್ ಎಂಬ ಬೇಟೆಯ ಮುಂದಾಳು (ಹುಟ್ಟಿನಿಂದ ಗುಲಾಮನಾಗಿದ್ದು ಬಿಡುಗಡೆ ಹೊಂದಿದವನು) ಒಂದು ಕರಡಿಯನ್ನು ಹೊಡೆದು ಮಣಿಸಿ ಮರಕ್ಕೆ ಕಟ್ಟಿಹಾಕಿ, ಅಧ್ಯಕ್ಷರು ಗುಂಡು ಹೊಡೆಯಲೆಂದು ಕರೆಕಳುಹಿಸಿದ. ಕಟ್ಟಿಹಾಕಿದ ಪ್ರಾಣಿಯನ್ನು ಹೊಡೆಯುವುದು ಬೇಟೆಗಾರನ ಧರ್ಮವಲ್ಲವೆಂದು ರೂಸ್‌ವೆಲ್ಟ್ ಒಪ್ಪಲಿಲ್ಲ. ಕ್ಲಿಫರ್ಡ್ ಬೆರಿಮನ್ ಎಂಬ ವ್ಯಂಗ್ಯಚಿತ್ರಕಾರರು 'ವಾಷಿಂಗ್ಟನ್ ಪೋಸ್ಟ್'ನಲ್ಲಿ ಇದನ್ನು ಚಿತ್ರಿಸಿದರು. ಮುಂದೆ ಬರೆಯುತ್ತ ಬರೆಯುತ್ತ ಅವರ ಕರಡಿ ಚಿಕ್ಕದಾಯಿತು, ದುಂಡಗಾಯಿತು, ಮುದ್ದಾಯಿತು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಅಂಗಡಿಯಿಟ್ಟಿದ್ದ ದಂಪತಿಗಳು ಬಟ್ಟೆಯ ಕರಡಿಮರಿ ಹೊಲಿದು ಕಿಟಕಿಯಲ್ಲಿಟ್ಟು 'ಟೆಡ್ಡಿಯ ಕರಡಿ' ಎಂದು ಹೆಸರು ಕೊಟ್ಟರು. ಇಂದು ನಮ್ಮ ಮೊಮ್ಮಕ್ಕಳು ತಬ್ಬಿಕೊಂಡು ಮಲಗುವ ಟೆಡ್ಡಿ ಬೇರ್ ಅದೇ. ಕಥೆಯ ಉಳಿದ ಭಾಗ ಅಷ್ಟು ಮುದ್ದಾಗಿಲ್ಲ. ಗಾಯಗೊಂಡಿದ್ದ ಆ ಕರಡಿಯ ಸಂಕಟ ಮುಗಿಸಿಬಿಡಿ ಎಂದು ರೂಸ್‌ವೆಲ್ಟ್ ಅವರೇ ಹೇಳಿದರು. ಅದನ್ನು ಚೂರಿಯಿಂದ ಕೊಂದರು. ಚೂರಿ ವ್ಯಂಗ್ಯಚಿತ್ರದಲ್ಲಿರಲಿಲ್ಲ, ಆದ್ದರಿಂದ ನೆನಪಿನಲ್ಲೂ ಇಲ್ಲ. ಚಿತ್ರವೊಂದು ಎಡವಿದವನನ್ನು ಕೆಳಗೇ ಹಿಡಿದಿಡಬಲ್ಲುದಾದರೆ, ಬೇಟೆಗಾರನನ್ನು ದಯಾಳುವಾಗಿಯೂ ಮಾಡಬಲ್ಲುದು.

ಕೆಲವೊಮ್ಮೆ ಪತ್ರಿಕೆಗಳು ತೋರಿಸದೆ ಬಿಟ್ಟುದರಿಂದಲೂ ಅಧ್ಯಕ್ಷನೊಬ್ಬನ ರೂಪ ಸಿದ್ಧವಾಗುತ್ತದೆ. ಇನ್ನೊಬ್ಬ ರೂಸ್‌ವೆಲ್ಟ್, ಫ್ರಾಂಕ್ಲಿನ್ ಅವರು, 1921ರಲ್ಲಿ ಪೋಲಿಯೋ ತಗುಲಿ ನಡೆಯುವ ಶಕ್ತಿ ಕಳೆದುಕೊಂಡವರು. ಹನ್ನೆರಡು ವರ್ಷ ಅಧ್ಯಕ್ಷರಾಗಿದ್ದ ಅವರು ಗಾಲಿಕುರ್ಚಿಯಲ್ಲಿ ಕುಳಿತ ಛಾಯಾಚಿತ್ರಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ. ಛಾಯಾಗ್ರಾಹಕರು ತೆಗೆಯುತ್ತಿರಲಿಲ್ಲ, ತೆಗೆಯಹೋದವರನ್ನು ಕಾವಲಿನವರು ತಡೆಯುತ್ತಿದ್ದರು. ಕಾಯಿಲೆಯ ವಿಷಯ ಜನಕ್ಕೆ ತಿಳಿಯದ್ದೇನಲ್ಲ, ಆದರೆ ತಿಳಿಯುವುದು ಬೇರೆ, ಕಾಣುವುದು ಬೇರೆ. ಅವರನ್ನು ಜನ ಹೆಚ್ಚಾಗಿ ಕಂಡದ್ದು ಕಿವಿಯಿಂದ. 1933ರ ಮಾರ್ಚ್ 12ರ ಭಾನುವಾರ ರಾತ್ರಿ, ದೇಶದ ಬ್ಯಾಂಕುಗಳೆಲ್ಲ ಬಾಗಿಲು ಹಾಕಿಕೊಂಡಿದ್ದಾಗ, ಅವರು ಬಾನುಲಿಯ ಮುಂದೆ ಕುಳಿತು ಬ್ಯಾಂಕು ಎಂದರೇನು, ನಿಮ್ಮ ಹಣ ಅಲ್ಲಿ ಏನು ಮಾಡುತ್ತದೆ ಎಂದು ನೆರೆಮನೆಯ ಹಿರಿಯರಂತೆ ವಿವರಿಸಿದರು. ಬ್ಯಾಂಕುಗಳು ಮತ್ತೆ ತೆರೆದಾಗ ಜನ ಹಣ ಹಿಂದಕ್ಕೆ ಪಡೆಯುವುದಕ್ಕಲ್ಲ, ಕಟ್ಟುವುದಕ್ಕೆ ಸಾಲುನಿಂತರು. ಬಾನುಲಿಯಲ್ಲಿ ಮಾತನಾಡುವ ಯಾರೇ ಆಗಲಿ ಈ ಕಥೆಯನ್ನು ಅಸೂಯೆಯಿಲ್ಲದೆ ಹೇಳಲಾರರು. ಅದೇ ಮನುಷ್ಯ 1944ರಲ್ಲಿ, ತಮ್ಮ ನಾಯಿಮರಿ ಫಾಲಾನನ್ನು ಕರೆತರಲು ಯುದ್ಧನೌಕೆಯನ್ನೇ ಕಳುಹಿಸಿದರೆಂದು ವಿರೋಧಪಕ್ಷದವರು ಹೊರಿಸಿದ ಆಪಾದನೆಗೆ, ನನ್ನನ್ನೂ ನನ್ನ ಹೆಂಡತಿಮಕ್ಕಳನ್ನೂ ಬೈದರೆ ನಮಗೆ ಬೇಸರವಿಲ್ಲ, ಆದರೆ ಫಾಲಾನಿಗೆ ಬೇಸರವಾಗಿದೆ ಎಂಬ ಅರ್ಥದ ಉತ್ತರ ಕೊಟ್ಟು ದೇಶವನ್ನೇ ನಗಿಸಿದರು. ನಾಲ್ಕನೆಯ ಬಾರಿಗೆ ಅಧ್ಯಕ್ಷ ಪದವಿಗೆ ನಿಂತಿದ್ದ, ಆರೋಗ್ಯ ಕುಸಿಯುತ್ತಿದ್ದ ಮನುಷ್ಯ. ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡರು. ಆ ನಗುವಿನ ಗದ್ದಲದಲ್ಲಿ ಅವರ ಆರೋಗ್ಯದ ಪ್ರಶ್ನೆ ಎಷ್ಟು ಜನಕ್ಕೆ ಕೇಳಿಸಿತೋ!

ದನಿಯ ಮಾತು ಬಂದುದರಿಂದ ಮತ್ತೊಂದು ಕಥೆ. 1962ರಲ್ಲಿ ವಾನ್ ಮೀಡರ್ ಎಂಬ ತರುಣ ಹಾಸ್ಯಗಾರರು ಅಧ್ಯಕ್ಷ ಕೆನಡಿ ಅವರ ದನಿಯನ್ನು ಅನುಕರಿಸಿ 'ದಿ ಫಸ್ಟ್ ಫ್ಯಾಮಿಲಿ' ಎಂಬ ಗ್ರಾಮಾಫೋನ್ ತಟ್ಟೆಯನ್ನು ಹೊರತಂದರು. ಲಕ್ಷಗಟ್ಟಲೆ ಮಾರಾಟವಾಗಿ, ಆ ವರ್ಷದ ಶ್ರೇಷ್ಠ ಧ್ವನಿಮುದ್ರಿಕೆಯೆಂದು ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಇದು ನನ್ನ ದನಿಗಿಂತ ನನ್ನ ತಮ್ಮ ಟೆಡ್ಡಿಯ ದನಿಗೆ ಹತ್ತಿರವಾಗಿದೆಯೆಂದು ಕೆನಡಿ ಅವರೇ ಚಟಾಕಿ ಹಾರಿಸಿದರು. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ಕೆನಡಿ ಅವರ ಕೊಲೆಯಾಯಿತು. ತಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತೆಗೆದುಕೊಂಡರು. ಮೀಡರ್ ಅವರ ಬಾಳು ಅಲ್ಲಿಗೆ ನಿಂತಂತಾಯಿತು. ಸತ್ತವರ ದನಿಯನ್ನು ಯಾರು ಕೇಳಿಯಾರು? ಬೇರೆ ದನಿಗಳಲ್ಲಿ ಪ್ರಯತ್ನಿಸಿದರು, ಜನ ಒಪ್ಪಲಿಲ್ಲ. 2004ರವರೆಗೆ ಬದುಕಿದ್ದರು. ವಿಡಂಬನಕಾರ ಅಧ್ಯಕ್ಷನ ರೂಪವನ್ನು ತಿದ್ದುತ್ತಾನೆಂದು ಹೇಳುತ್ತೇವೆ. ಇಲ್ಲಿ ಅಧ್ಯಕ್ಷನ ಸಾವು ವಿಡಂಬನಕಾರನನ್ನೇ ಅಳಿಸಿಹಾಕಿತು.

ಮೈಯ ನಗುವಿನ ವಿಷಯದಲ್ಲಿ ನಾನು ಇಷ್ಟು ದೂರಿದ ಮೇಲೆ, ಮೈಯೂ ಕೃತ್ಯವೂ ಒಂದೇ ಗೆರೆಯಲ್ಲಿ ಕೂಡಿಬಂದ ಒಂದು ಚಿತ್ರವನ್ನು ಹೇಳದಿದ್ದರೆ ಅನ್ಯಾಯವಾದೀತು. 1965ರ ಅಕ್ಟೋಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಗುಣಮುಖರಾಗುತ್ತಿದ್ದ ಜಾನ್ಸನ್ ಒಂದು ದಿನ ವರದಿಗಾರರ ಮುಂದೆ ಅಂಗಿಯನ್ನು ಎತ್ತಿ ಹೊಟ್ಟೆಯ ಮೇಲಿನ ಹೊಲಿಗೆಯ ಕಲೆಯನ್ನು ತೋರಿಸಿದರು. ಹಳ್ಳಿಯ ಕಟ್ಟೆಯ ಮೇಲಾದರೆ ಇದು ಸಹಜ. ಅಧ್ಯಕ್ಷರಿಂದ ಯಾರೂ ನಿರೀಕ್ಷಿಸಿರಲಿಲ್ಲ. ಚಿತ್ರ ಎಲ್ಲ ಪತ್ರಿಕೆಗಳಲ್ಲಿ ಬಂತು, ಜನ ಮೂಗುಮುರಿದರು. ಬೇರೆ ಯಾವ ಚಿತ್ರಕಾರನಾಗಿದ್ದರೂ ಆ ಒರಟುತನವನ್ನೇ ಹಿಡಿದು ಹಾಸ್ಯ ಮಾಡಿ ಮುಗಿಸುತ್ತಿದ್ದನೇನೋ. ಡೇವಿಡ್ ಲೆವಿನ್ ಎಂಬ ಚಿತ್ರಕಾರರು 1966ರಲ್ಲಿ 'ನ್ಯೂಯಾರ್ಕ್ ರಿವ್ಯೂ ಆಫ್ ಬುಕ್ಸ್' ಪತ್ರಿಕೆಗಾಗಿ ಅದೇ ಭಂಗಿಯನ್ನು ಬರೆದರು: ಜಾನ್ಸನ್ ಅಂಗಿ ಎತ್ತಿದ್ದಾರೆ, ಹೊಟ್ಟೆಯ ಮೇಲೆ ಕಲೆಯಿದೆ. ಆ ಕಲೆಯ ಆಕಾರ ಮಾತ್ರ ವಿಯಟ್ನಾಮಿನ ಭೂಪಟ. ಒಂದು ಮಾತಿಲ್ಲ, ಶೀರ್ಷಿಕೆಯ ಅಗತ್ಯವಿಲ್ಲ. 1965ರ ಕೊನೆಗೆ ವಿಯಟ್ನಾಮಿನಲ್ಲಿ ಅಮೆರಿಕದ ಸೈನಿಕರು ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚಾಗಿದ್ದರು. 1968ರಲ್ಲಿ ಐದು ಲಕ್ಷ ಮೀರಿದರು. ಅದೇ 1968ರ ಮಾರ್ಚ್ 31ರಂದು ಜಾನ್ಸನ್ ತಾವು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲವೆಂದು ಘೋಷಿಸಿದರು. ಲೆವಿನ್ ಅವರ ಚಿತ್ರ ಯುದ್ಧವನ್ನು ಒಂದು ದಿನವಾದರೂ ಮೊದಲೇ ನಿಲ್ಲಿಸಿತೆಂದು ನಾನು ಹೇಳಲಾರೆ. ಆದರೆ ಆ ಚಿತ್ರವನ್ನು ನೋಡಿ ನಕ್ಕವನು ಜಾನ್ಸನ್ನರ ಹೊಟ್ಟೆಯನ್ನಷ್ಟೇ ನೋಡಿ ತಪ್ಪಿಸಿಕೊಳ್ಳುವಂತಿರಲಿಲ್ಲ.

ನಿಕ್ಸನ್ ಅವರದು ಬೇರೆ ಬಗೆ. ಬೆಳಗ್ಗೆ ಬೋಳಿಸಿದರೂ ಸಂಜೆಗೆ ಕಪ್ಪಾಗುವ ಅವರ ಗಲ್ಲವನ್ನು 'ಹರ್ಬ್ಲಾಕ್' ಎಂಬ ಹೆಸರಿನಿಂದ ಬರೆಯುತ್ತಿದ್ದ ಚಿತ್ರಕಾರರು ವರ್ಷಗಟ್ಟಲೆ ಬಿಡಲಿಲ್ಲ. ನಿಕ್ಸನ್ ಚರಂಡಿಯೊಳಗಿಂದ ತೂರಿ ಬರುತ್ತಿರುವಂತೆ 1954ರಲ್ಲೇ ಬರೆದಿದ್ದರು. 1960ರ ಸೆಪ್ಟೆಂಬರಿನಲ್ಲಿ ಕೆನಡಿ ಅವರೊಡನೆ ನಡೆದ ಟೆಲಿವಿಷನ್ ವಾದದಲ್ಲಿ ಆ ಗಲ್ಲವೇ ನಿಕ್ಸನ್ನರನ್ನು ಸೋಲಿಸಿತೆಂದೂ, ಬಾನುಲಿಯಲ್ಲಿ ಕೇಳಿದವರಿಗೆ ಅವರೇ ಗೆದ್ದಂತೆ ತೋರಿತೆಂದೂ ಒಂದು ಪ್ರತೀತಿಯಿದೆ. ಇದಕ್ಕೆ ಆಧಾರ ತೆಳು. ಬಾನುಲಿಯ ಪಕ್ಷಪಾತಿಯಾದ ನನಗೆ ನಂಬುವ ಆಸೆಯೇನೋ ಇದೆ. 1968ರಲ್ಲಿ ನಿಕ್ಸನ್ ಗೆದ್ದಾಗ ಹರ್ಬ್ಲಾಕ್ ತಮ್ಮ ಚಿತ್ರದಲ್ಲಿ ಕ್ಷೌರದಂಗಡಿಯ ಫಲಕವೊಂದನ್ನು ಬರೆದರು: ಈ ಅಂಗಡಿಯಲ್ಲಿ ಹೊಸ ಅಧ್ಯಕ್ಷರಿಗೆಲ್ಲ ಒಂದು ಸಲ ಪುಕ್ಕಟೆ ಕ್ಷೌರ. ಮುಂದೆ 1974ರಲ್ಲಿ ನಿಕ್ಸನ್ ಪದವಿ ಬಿಟ್ಟದ್ದು ಗಲ್ಲದ ಬಣ್ಣದಿಂದಲ್ಲ. ಅದಕ್ಕೆ ವರದಿಗಾರರ ಎರಡು ವರ್ಷದ ಬೆನ್ನುಹತ್ತುವಿಕೆ, ನ್ಯಾಯಾಲಯ, ಸಂಸತ್ತಿನ ವಿಚಾರಣೆ, ಕೊನೆಗೆ ಅವರದೇ ದನಿಯ ಮುದ್ರಿಕೆಗಳು ಬೇಕಾದುವು.

ಕಾರ್ಟರ್ ಅವರ ಮೊಲದ ಕಥೆಯನ್ನು ನೀವು ಕೇಳಿರಬಹುದು. 1979ರ ಏಪ್ರಿಲ್ 20. ಜಾರ್ಜಿಯಾ ರಾಜ್ಯದಲ್ಲಿ ತಮ್ಮ ಸ್ವಂತ ಊರಾದ ಪ್ಲೇನ್ಸ್‌ನ ಕೊಳದಲ್ಲಿ ಪುಟ್ಟ ದೋಣಿಯ ಮೇಲೆ ಒಬ್ಬರೇ ಕುಳಿತು ಗಾಳ ಹಾಕುತ್ತಿದ್ದರು. ಒಂದು ಕಾಡುಮೊಲ ನೀರಿಗೆ ಹಾರಿ ದೋಣಿಯ ಕಡೆ ಈಜಿಕೊಂಡು ಬಂತು. ಕಾರ್ಟರ್ ಹುಟ್ಟಿನಿಂದ ನೀರು ಚಿಮ್ಮಿಸಿ ಅದನ್ನು ಆಚೆ ತಿರುಗಿಸಿದರು. ಇಷ್ಟೇ. ಹಿಂತಿರುಗಿ ಬಂದು ಹೇಳಿದರೆ ಅವರ ಕಚೇರಿಯವರೇ ನಂಬಲಿಲ್ಲ: ಮೊಲ ಈಜುವುದುಂಟೇ? ದೂರದಿಂದ ತೆಗೆದಿದ್ದ ಛಾಯಾಚಿತ್ರವನ್ನು ದೊಡ್ಡದು ಮಾಡಿಸಿ ತೋರಿಸಬೇಕಾಯಿತು. ಆಗಸ್ಟಿನಲ್ಲಿ ಪತ್ರಿಕಾ ಕಾರ್ಯದರ್ಶಿ ಜೋಡಿ ಪವೆಲ್ ಹರಟೆಗೆಂದು ವರದಿಗಾರರೊಬ್ಬರಿಗೆ ಇದನ್ನು ಹೇಳಿದರು. ಸುದ್ದಿ ಬೇರೇನೂ ಇಲ್ಲದ ಬೇಸಗೆಯ ಕೊನೆ. 'ವಾಷಿಂಗ್ಟನ್ ಪೋಸ್ಟ್' ಮುಖಪುಟದಲ್ಲಿಯೇ 'ಅಧ್ಯಕ್ಷರ ಮೇಲೆ ಮೊಲದ ಆಕ್ರಮಣ' ಎಂದು ಪ್ರಕಟಿಸಿತು. ಜೊತೆಗೆ ಶಾರ್ಕ್ ಮೀನಿನಂತೆ ಬಾಯ್ತೆರೆದ ಮೊಲದ ವ್ಯಂಗ್ಯಚಿತ್ರ. ವಾರಗಟ್ಟಲೆ ನಗು. ಮೊಲಕ್ಕೆ ಹೆದರುವವನು ಸೋವಿಯತ್ ಒಕ್ಕೂಟವನ್ನು ಹೇಗೆ ಎದುರಿಸಿಯಾನು?

ಆ ಮೊಲ ದೋಣಿಯತ್ತ ಈಜಿದ್ದಕ್ಕೆ ಒಂದು ತಿಂಗಳೂ ಹಿಂದಲ್ಲ, ಮಾರ್ಚ್ 26ರಂದು, ಈಜಿಪ್ಟ್ ಮತ್ತು ಇಸ್ರೇಲ್ ದೇಶಗಳು ಕಾರ್ಟರ್ ಅವರ ಎದುರಿನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ್ದುವು. ಆತ ಜಲಾಂತರ್ಗಾಮಿಯಲ್ಲಿ ಸೇವೆ ಮಾಡಿದ ನೌಕಾಧಿಕಾರಿ. ಪರಮಾಣು ಜಲಾಂತರ್ಗಾಮಿಗಳ ಕೆಲಸಕ್ಕೆ ಆಯ್ಕೆಯಾಗಿದ್ದವರು. ನಮಗೆ ಕಂಡದ್ದು ಕಡಲೆಕಾಯಿ ಬೆಳೆಯುವ, ಹಲ್ಲು ಕಿರಿಯುವ ಮನುಷ್ಯ. ಆ ವರ್ಷದ ಜುಲೈನಲ್ಲಿ ಅವರು ಮಾಡಿದ ಗಂಭೀರ ಭಾಷಣವೊಂದು 'ಮ್ಯಾಲೇಸ್' ಭಾಷಣ, ಅಂದರೆ ನಿರುತ್ಸಾಹದ ಭಾಷಣ ಎಂದೇ ಪ್ರಸಿದ್ಧ. ಅದರಲ್ಲಿ ಆ ಪದವನ್ನು ಅವರು ಒಮ್ಮೆಯೂ ಆಡಲಿಲ್ಲ. ನವೆಂಬರಿನಲ್ಲಿ ಟೆಹರಾನ್ ನಗರದಲ್ಲಿ ಅಮೆರಿಕದ ರಾಯಭಾರ ಕಚೇರಿಯವರು ಒತ್ತೆಯಾಳುಗಳಾದರು. ವಾಲ್ಟರ್ ಕ್ರಾಂಕೈಟ್ ಅವರಂಥ ವಿಶ್ವಾಸಾರ್ಹ ವಾರ್ತಾವಾಚಕರು ಪ್ರತಿರಾತ್ರಿ ವಾರ್ತೆಯ ಕೊನೆಗೆ, ಒತ್ತೆಯಾಳುಗಳ ಸೆರೆಗೆ ಇಂದಿಗೆ ಇಷ್ಟನೆಯ ದಿನ ಎಂದು ಲೆಕ್ಕ ಹೇಳತೊಡಗಿದರು. ಲೆಕ್ಕ 444ಕ್ಕೆ ನಿಂತಿತು. ಆ ಎಣಿಕೆಯಲ್ಲಿ ಸುಳ್ಳಿಲ್ಲ. ಆದರೆ ದಿನವೂ ರಾತ್ರಿ ಊಟದ ಹೊತ್ತಿಗೆ ಎಣಿಸುತ್ತ ಹೋದಾಗ ಅದು ವಾರ್ತೆಯಾಗಿ ಉಳಿಯದೆ ತೀರ್ಪಾಗುತ್ತದೆ. ಮೊಲ ಹಾಸ್ಯ, ಎಣಿಕೆ ಗಂಭೀರ. ಎರಡೂ ಸೇರಿ ಅಸಹಾಯಕನ ಒಂದೇ ಚಿತ್ರವನ್ನು ಬಿಡಿಸಿದುವು.

ಅವರ ಅನಂತರ ಬಂದ ರೇಗನ್ ಅವರಿಗೆ ನಗು ಕವಚವಾಯಿತು. 1981ರ ಮಾರ್ಚಿಯಲ್ಲಿ ಗುಂಡೇಟು ತಿಂದು ಶಸ್ತ್ರಚಿಕಿತ್ಸೆಗೆ ಹೋಗುವಾಗ, ನೀವೆಲ್ಲ ನಮ್ಮ ಪಕ್ಷದವರೇ ತಾನೆ ಎಂದು ವೈದ್ಯರನ್ನು ಕೇಳಿದ ಮನುಷ್ಯ ಅವರು. ಅದನ್ನು ಮೆಚ್ಚದಿರಲು ಸಾಧ್ಯವಿಲ್ಲ. 1984ರ ಆಗಸ್ಟ್ 11ರಂದು ಇದೇ ನಾಲಿಗೆ ಇನ್ನೊಂದು ರೀತಿ ಹೊರಳಿತು. ವಾರದ ಬಾನುಲಿ ಭಾಷಣಕ್ಕೆ ಮುನ್ನ ಮೈಕ್ ಪರೀಕ್ಷೆ ಮಾಡುವಾಗ, ರಷ್ಯವನ್ನು ಕಾನೂನುಬಾಹಿರವೆಂದು ಸಾರಿದ್ದೇನೆ, ಐದು ನಿಮಿಷದಲ್ಲಿ ಬಾಂಬು ಹಾಕಲು ತೊಡಗುತ್ತೇವೆ ಎಂದರು. ಅದು ಪ್ರಸಾರವಾಗಲಿಲ್ಲ, ಆದರೆ ಹೊರಬಿತ್ತು. ಮೈಕಿನ ಮುಂದೆ 'ಒಂದು, ಎರಡು, ಮೂರು' ಎಂದಷ್ಟೇ ಹೇಳಲು ಕಲಿತ ನಮ್ಮಂಥವರಿಗೆ ಇದು ನಗುವಿನ ಮಾತಾಗಿ ತೋರದು. ಅಮೆರಿಕದಲ್ಲಿ ಹಲವರು ನಕ್ಕರು; ನವೆಂಬರಿನಲ್ಲಿ ಐವತ್ತರಲ್ಲಿ ನಲವತ್ತೊಂಬತ್ತು ರಾಜ್ಯಗಳು ಅವರನ್ನು ಆರಿಸಿದುವು.

ಕಾಲ ಸರಿದಂತೆ ಹಾಸ್ಯವೂ ವಾರ್ತೆಯೂ ಒಂದನ್ನೊಂದು ನುಂಗತೊಡಗಿದುವು. 2000ದ ಚುನಾವಣೆಯಲ್ಲಿ ಕಿರಿಯ ಬುಷ್ ಅವರ ಪಾತ್ರದಲ್ಲಿ ವಿಲ್ ಫೆರೆಲ್ ಎಂಬ ನಟ 'ಸ್ಟ್ರಾಟೀಜರಿ' ಎಂಬ ಇಲ್ಲದ ಪದವೊಂದನ್ನು ಆಡಿದರು. ಬುಷ್ ಅವರೇ ಆ ಪದವನ್ನು ಆಡಿದರೆಂದು ನಂಬಿರುವವರು ಇಂದಿಗೂ ಇದ್ದಾರೆ. ಎದುರಾಳಿ ಅಲ್ ಗೋರ್ ಅವರ ಸಹಾಯಕರಂತೂ, ಮುಂದಿನ ವಾದಕ್ಕೆ ಮೊದಲು ತಮ್ಮ ನಾಯಕರಿಗೆ ಆ ಅಣಕವನ್ನು ತೋರಿಸಿ, ಜನಕ್ಕೆ ನೀವು ಹೀಗೆ ಕಾಣುತ್ತೀರಿ ಎಂದು ತಿದ್ದಿದರಂತೆ. ಕನ್ನಡಿಯೇ ಗುರುವಾಯಿತು. ಪ್ಯೂ ಸಂಶೋಧನಾ ಕೇಂದ್ರ 2004ರಲ್ಲಿ ಕೇಳಿದಾಗ, ಮೂವತ್ತರೊಳಗಿನ ಅಮೆರಿಕನ್ನರಲ್ಲಿ ನೂರಕ್ಕೆ 21 ಮಂದಿ ಚುನಾವಣೆಯ ವಿಷಯವನ್ನು ಹಾಸ್ಯ ಕಾರ್ಯಕ್ರಮಗಳಿಂದ ತಿಳಿಯುತ್ತೇವೆಂದರು. ರಾತ್ರಿಯ ಟೆಲಿವಿಷನ್ ವಾರ್ತೆಯಿಂದ ತಿಳಿಯುವವರು 23.

ಅದೇ 2004ರ ಮಾರ್ಚ್ 24ರ ಒಂದು ರಾತ್ರಿಯನ್ನು ನೆನೆದಾಗಲೆಲ್ಲ ನನಗೆ ನಗುವಿನ ಮೇಲೆಯೇ ಅನುಮಾನ ಬರುತ್ತದೆ. ಫೋರ್ಡ್ ಅವರು ಹಿಂದೆ ಹಾಳೆ ಚೆಲ್ಲಿ ನಗಿಸಿದ್ದರಲ್ಲ, ಅದೇ ವರದಿಗಾರರ ವಾರ್ಷಿಕ ಔತಣಕೂಟ. ಇರಾಕ್ ಮೇಲೆ ಅಮೆರಿಕ ಯುದ್ಧ ಹೂಡಿ ಒಂದು ವರ್ಷವಾಗಿತ್ತು. ಹೂಡಿದ್ದು ಆ ದೇಶದಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳಿವೆಯೆಂದು ಹೇಳಿ, ಅವು ಸಿಕ್ಕಿರಲಿಲ್ಲ. ಐನೂರಕ್ಕೂ ಹೆಚ್ಚು ಅಮೆರಿಕದ ಸೈನಿಕರು ಸತ್ತಿದ್ದರು, ಇರಾಕಿನವರು ಸಾವಿರಗಟ್ಟಲೆ. ಅಧ್ಯಕ್ಷ ಬುಷ್ ಭಾಷಣದ ನಡುವೆ ಚಿತ್ರಗಳನ್ನು ತೋರಿಸಿದರು. ಒಂದು ಚಿತ್ರದಲ್ಲಿ ಅವರು ತಮ್ಮ ಕಚೇರಿಯ ಪೀಠೋಪಕರಣಗಳ ಕೆಳಗೆ ಬಗ್ಗಿ ಹುಡುಕುತ್ತಿದ್ದಾರೆ. ಆ ಅಸ್ತ್ರಗಳು ಇಲ್ಲೇ ಎಲ್ಲೋ ಇರಬೇಕು, ಊಹೂಂ, ಇಲ್ಲಿಲ್ಲ - ಈ ಬಗೆಯ ವಿವರಣೆ. ಸಭೆ ನಕ್ಕಿತು. ಸಭೆಯಲ್ಲಿದ್ದವರು ಯಾರು? ವರದಿಗಾರರು, ಸಂಪಾದಕರು, ವಾರ್ತಾವಾಚಕರು. ಸತ್ತ ಸೈನಿಕರ ಮನೆಯವರಲ್ಲಿ ಕೆಲವರು ಮಾರನೆಯ ದಿನ ಇದು ಸರಿಯೇ ಎಂದು ಕೇಳಿದರು. ಎರಡು ತಿಂಗಳ ಮೇಲೆ, ಮೇ 26ರಂದು, 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆ ಆ ಅಸ್ತ್ರಗಳ ವಿಷಯದಲ್ಲಿ ತಾನು ಪ್ರಕಟಿಸಿದ ಹಲವು ವರದಿಗಳು ಸಾಕಷ್ಟು ಪರೀಕ್ಷೆಗೊಳಗಾಗಿರಲಿಲ್ಲವೆಂದು ಓದುಗರ ಮುಂದೆ ಒಪ್ಪಿಕೊಂಡಿತು. ಬುಷ್ ಅವರ ವಿನೋದದಲ್ಲಿ ತಮ್ಮನ್ನು ತಾವೇ ಹಾಸ್ಯ ಮಾಡಿಕೊಳ್ಳುವ ವಿನಯವಿತ್ತೆಂದು ಕೆಲವರು ವಾದಿಸಿದರು. ಎಡವಿ ಬಿದ್ದವನು ತನ್ನ ಬೀಳುವಿಕೆಯನ್ನು ಕುರಿತು ನಗುವುದು ವಿನಯ. ಬೇರೆಯವರು ಬಿದ್ದ ಗುಂಡಿಯನ್ನು ತೋರಿಸಿ ನಗುವುದಕ್ಕೆ ಏನೆನ್ನಬೇಕೋ, ನನ್ನ ನಿಘಂಟಿನಲ್ಲಿಲ್ಲ.

ಎರಡು ವರ್ಷದ ಅನಂತರ, 2006ರ ಏಪ್ರಿಲ್ 29ರಂದು, ಇಂಥದೇ ಇನ್ನೊಂದು ಔತಣದಲ್ಲಿ ಸ್ಟೀಫನ್ ಕೋಲ್ಬೇರ್ ಎಂಬ ಹಾಸ್ಯಗಾರರು, ಬುಷ್ ಪಕ್ಕದಲ್ಲೇ ಕುಳಿತಿರುವಾಗ, ಅವರ ಭಕ್ತನ ವೇಷದಲ್ಲಿ ಹೊಗಳುತ್ತ ಹೊಗಳುತ್ತಲೇ ಯುದ್ಧವನ್ನೂ, ಅದನ್ನು ಪ್ರಶ್ನಿಸದ ಪತ್ರಕರ್ತರನ್ನೂ ಒಟ್ಟಿಗೆ ಹಿಡಿದು ಝಾಡಿಸಿದರು. ನಿಂದಾಸ್ತುತಿಯೆಂದು ನಾವು ಇದಕ್ಕೆ ಹೆಸರಿಟ್ಟು ಎಷ್ಟೋ ಶತಮಾನಗಳಾದುವು. ಈ ಸಲ ಸಭೆಯಲ್ಲಿ ನಗು ವಿರಳ. ಹಿಂದಿನ ನಗುವಿಗಿಂತ ಆ ಮೌನದಲ್ಲಿ ಹೆಚ್ಚು ವಾರ್ತೆಯಿತ್ತು.

ಹಾಗಾದರೆ ನಗುವಿಗೆ ಶಕ್ತಿಯೇ ಇಲ್ಲವೇ ಎಂದರೆ, ಇಲ್ಲವೆಂದು ಹೇಳುವುದು ಕಷ್ಟ. ಶಕ್ತಿಯಿಲ್ಲದ್ದಕ್ಕೆ ಯಾರೂ ಹೆದರುವುದಿಲ್ಲ. ಡೊನಾಲ್ಡ್ ಟ್ರಂಪ್ ಅವರು ತಮ್ಮ ಮೊದಲ ಅವಧಿಯಲ್ಲಿ ಶ್ವೇತಭವನ ವರದಿಗಾರರ ಔತಣಕ್ಕೆ ಒಮ್ಮೆಯೂ ಹೋಗಲಿಲ್ಲ. 2025ರ ಸೆಪ್ಟೆಂಬರಿನಲ್ಲಿ, ಜಿಮ್ಮಿ ಕಿಮ್ಮೆಲ್ ಎಂಬ ಹಾಸ್ಯಗಾರರ ಮಾತೊಂದನ್ನು ಪ್ರಸಾರ ನಿಯಂತ್ರಣ ಆಯೋಗದ ಮುಖ್ಯಸ್ಥರು ಬಹಿರಂಗವಾಗಿ ಖಂಡಿಸಿದ ಬೆನ್ನಿಗೆ, ಅವರ ಕಾರ್ಯಕ್ರಮವನ್ನು ಸಂಸ್ಥೆ ಕೆಲವು ದಿನ ನಿಲ್ಲಿಸಿತು. ಜನರ ಆಕ್ಷೇಪದ ನಡುವೆ ಮತ್ತೆ ಆರಂಭಿಸಿತು. ಆ ವಾರ್ತೆಯನ್ನು ಓದುವಾಗ ನನಗೆ 1975ರ ಆಗಸ್ಟ್ ನೆನಪಾಯಿತು. ಆಗ ನಾವು ದೂರದ ಅಮೆರಿಕದವರನ್ನು ಕುರಿತು ನಗುತ್ತಿದ್ದೆವು, ಹತ್ತಿರದ್ದು ಕಷ್ಟವಾಗಿದ್ದುದರಿಂದ.

ಫೋರ್ಡ್ ಅವರ ವಿಷಯ ಅರ್ಧಕ್ಕೆ ಬಿಟ್ಟೆ. 1986ರಲ್ಲಿ ಅವರು ತಮ್ಮ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಅಧ್ಯಕ್ಷರು ಮತ್ತು ಹಾಸ್ಯವೆಂಬ ವಿಷಯವಾಗಿಯೇ ಒಂದು ಗೋಷ್ಠಿ ನಡೆಸಿ ಚೆವಿ ಚೇಸ್ ಅವರನ್ನೂ ಕರೆದರು. ಮರುವರ್ಷ ಅದೇ ವಿಷಯವಾಗಿ ಪುಸ್ತಕ ಹೊರತಂದರು. 2001ರಲ್ಲಿ ಕೆನಡಿ ಗ್ರಂಥಾಲಯದ ಪ್ರತಿಷ್ಠಾನ, ನಿಕ್ಸನ್ ಅವರಿಗೆ ಕ್ಷಮಾದಾನ ಕೊಟ್ಟ ಧೈರ್ಯಕ್ಕಾಗಿ, ಫೋರ್ಡ್ ಅವರಿಗೆ ಪ್ರಶಸ್ತಿಯಿತ್ತಿತು. ಹಿಂದೆ ಆ ಕ್ಷಮಾದಾನವನ್ನು ಕಟುವಾಗಿ ವಿರೋಧಿಸಿದ್ದ ಎಡ್ವರ್ಡ್ ಕೆನಡಿ ಅವರು, ಮೀಡರ್ ಕಥೆಯಲ್ಲಿ ಬಂದ ಅದೇ ಟೆಡ್ಡಿ, ತಮ್ಮ ಅಭಿಪ್ರಾಯ ಬದಲಾಗಿದೆಯೆಂದು ಎದ್ದು ನಿಂತು ಹೇಳಿದರು. ನನಗೆ ಅದು ಇನ್ನೂ ಪೂರ್ತಿಯಾಗಿ ಒಪ್ಪಿಗೆಯಿಲ್ಲ. ಆದರೆ ಇಪ್ಪತ್ತೇಳು ವರ್ಷ ಕೃತ್ಯವೊಂದನ್ನು ಮನಸ್ಸಿನಲ್ಲಿಟ್ಟು ತೂಗಿನೋಡಿದವರೊಡನೆ ಜಗಳವಾಡಲು ನನಗೆ ಅಧಿಕಾರವೆಲ್ಲಿದೆ? 2006ರ ಡಿಸೆಂಬರ್ 26ರಂದು ಫೋರ್ಡ್ ತಮ್ಮ 93ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಯಲ್ಲಿ ನಿಧನವಾರ್ತೆಯನ್ನು ಓದಲು ಕುಳಿತೆ. ಕ್ಷಮಾದಾನದ ವಿಷಯವಿತ್ತು, ಫುಟ್‌ಬಾಲ್ ವಿಷಯವಿತ್ತು. ನನ್ನ ಕಣ್ಣು ಮಾತ್ರ, ನಾಚಿಕೆಯಿಲ್ಲದೆ, ಮೆಟ್ಟಿಲನ್ನು ಹುಡುಕುತ್ತಿತ್ತು.